ಹಳೆಯ ಮರದ ಬೋಟು ಸಾಗಿಸಲು: ಲೋಬೆಡ್ಡೋ, ಹೈಡ್ರಾಲಿಕ್ ಟ್ರೇಲರೋ?

ಮಲ್ಪೆಯಂಥ ಬಂದರಿನಿಂದ 40 ಅಡಿಯ ಹಳೆಯ ಮರದ ಬೋಟನ್ನು ಘಟ್ಟದ ಮೇಲಕ್ಕೆ ತರಬೇಕು ಅಂದುಕೊಳ್ಳಿ. ಮುಖ್ಯವಾಗಿ ಎರಡು ದಾರಿ.

ಒಂದು, ಕ್ರೇನಿನಿಂದ ಬೋಟನ್ನು ಎತ್ತಿ ಲೋಬೆಡ್ ಟ್ರೇಲರ್, ಅಂದರೆ ನೆಲಕ್ಕೆ ಹತ್ತಿರವಾದ ತಗ್ಗು ಹಾಸಿನ ಟ್ರೇಲರ್ ಮೇಲೆ ಇಡುವುದು. ಇವೆರಡೂ ಬಾಡಿಗೆಗೆ ಸುಲಭವಾಗಿ ಸಿಗುತ್ತವೆ. ಆದರೆ ಎತ್ತುವ ಗಳಿಗೆಯೇ ಅಪಾಯದ್ದು. ನೀರಿನಲ್ಲಿ ಬೋಟಿಗೆ ಎಲ್ಲ ಕಡೆಯಿಂದಲೂ ಆಸರೆ ಇರುತ್ತದೆ. ಕ್ರೇನಿನ ಬೆಲ್ಟಿಗೆ ಬಂದ ಕೂಡಲೇ ಪೂರ್ತಿ ಭಾರ ಎರಡೇ ಜಾಗಕ್ಕೆ ಬೀಳುತ್ತದೆ. ಮೊಳೆ ತುಕ್ಕು ಹಿಡಿದಿದ್ದರೆ, ಒಳಗಿನ ಪಕ್ಕೆಮರ ಕೊಳೆತಿದ್ದರೆ ಬೋಟಿನ ಆಕಾರವೇ ಸೊಟ್ಟಗಾಗಬಹುದು. ಅಗಲದ ಬೆಲ್ಟನ್ನೇ ಕೇಳಿ. ಬೆಲ್ಟು ಮೇಲಂಚನ್ನು ಒಳಕ್ಕೆ ಅಮುಕದಂತೆ ಅಡ್ಡ ತೊಲೆಯನ್ನೂ ಹಾಕಿಸಿ. ಟ್ರೇಲರ್ ಮೇಲೆ ಭಾರ ಕೂರಬೇಕಾದ್ದು ಬೋಟಿನ ತಳದ ಉದ್ದ ಮರದ ಮೇಲೆ, ಅಂದರೆ ಕೀಲ್ ಮೇಲೆ. ಪಕ್ಕದ ಆಧಾರಗಳು ಬೋಟು ವಾಲದಂತೆ ಹಿಡಿಯಲು ಮಾತ್ರ.

ಇನ್ನೊಂದು ದಾರಿ ಹೈಡ್ರಾಲಿಕ್ ಬೋಟ್ ಟ್ರೇಲರ್. ಇದು ಬೋಟಿನ ಅಡಿಗೇ ಹೋಗಿ, ಪ್ಯಾಡುಗಳಿಂದ ಅದನ್ನು ಹಿಡಿದುಕೊಳ್ಳುತ್ತದೆ. ನೇತಾಡಿಸುವ ಭಯವಿಲ್ಲ. ಮುದಿ ಬೋಟಿಗೆ ಇದೇ ಹಿತ ಅಲ್ವಾ? ಆದರೆ ಎಲ್ಲ ಊರಲ್ಲೂ ಸಿಗುವುದಿಲ್ಲ.

ಪಕ್ಕೆಮರ ಗಟ್ಟಿ ಇದ್ದರೆ ಲೋಬೆಡ್ ಸಾಕು ಅನ್ನುತ್ತೇನೆ. ಕುಟ್ಟಿ ನೋಡಿದಾಗ ಟೊಳ್ಳು ಸದ್ದು ಬಂದರೆ, ಖರ್ಚು ಜಾಸ್ತಿ ಆದರೂ ಹೈಡ್ರಾಲಿಕ್ ಹುಡುಕಿ.

ಎರಡಕ್ಕೂ ಅನುಮತಿಯ ಮಾತು ಒಂದೇ: ಹೊರೆ ಸೇರಿ ಗಾಡಿಯ ಅಗಲ 2.6 ಮೀಟರ್ ದಾಟಿದರೆ ವಿಶೇಷ ಪರವಾನಗಿ ಬೇಕು. ಘಾಟಿಯ ತಿರುವು, ಕರೆಂಟಿನ ತಂತಿ ಮೊದಲೇ ಹೋಗಿ ನೋಡಿ ಬನ್ನಿ. ಬಿಸಿಲಿಗೆ ಹಲಗೆ ಒಣಗಿ ಸಂದು ಬಿಡುತ್ತದೆ. ದಾರಿಯುದ್ದಕ್ಕೂ ಒದ್ದೆ ಗೋಣಿ ಹೊದಿಸಿಡಿ.