"15 ನಿಮಿಷದಲ್ಲಿ ಫಿಟ್" ಅನ್ನುವ ಪಿಸ್ತೂಲ್ ಟ್ರಿಗರ್ ಕಿಟ್: ದುಡ್ಡೂ ಹೋಯಿತು, ಮರ್ಯಾದೆಯೂ ಹೋಯಿತು

ಡಾಲಸ್ ಸುತ್ತಮುತ್ತ ಇರುವ, ಮನೆಯಲ್ಲಿ ಗ್ಲಾಕ್ ಕಂಪನಿಯ ಪಿಸ್ತೂಲು ಇಟ್ಟುಕೊಂಡಿರುವ ನಮ್ಮ ಕನ್ನಡದವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. ಮನೆಯಲ್ಲೇ ಕೂತು ಹಾಕಿಕೊಳ್ಳಬಹುದು ಅಂತ ಮಾರುವ ಟ್ರಿಗರ್ ಕಿಟ್ ಕೊಳ್ಳಬೇಡಿ. ಅದರಲ್ಲೂ ಕೆಂಪು ಅಲ್ಯೂಮಿನಿಯಂ ಟ್ರಿಗರ್, ಒಂದು ಕನೆಕ್ಟರ್, ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಒಂದೆರಡು ಸ್ಪ್ರಿಂಗ್ ಹಾಕಿ 139 ಡಾಲರ್ ಕಿತ್ತುಕೊಳ್ಳುವ ಅಂಗಡಿಯಿಂದಂತೂ ಬೇಡವೇ ಬೇಡ. ಹೆಸರು ಇಲ್ಲಿ ಹಾಕುತ್ತಿಲ್ಲ. ದುಡ್ಡಿನ ತಕರಾರು ಇನ್ನೂ ಕ್ರೆಡಿಟ್ ಕಾರ್ಡ್ ಬ್ಯಾಂಕಿನಲ್ಲಿದೆ, ಅದು ಮುಗಿಯುವ ತನಕ ಬಾಯಿ ಬಿಗಿಹಿಡಿದಿದ್ದೇನೆ. ಆದರೆ ಹೊಟ್ಟೆ ಉರಿ ತಡೆಯಲಾಗುತ್ತಿಲ್ಲ.

ಗ್ಲಾಕ್ 19 ಇರುವವರಿಗೆ ಗೊತ್ತಿರುತ್ತದೆ. ಕಂಪನಿಯಿಂದ ಬರುವ ಟ್ರಿಗರ್ ಎಳೆಯಲು ಸುಮಾರು 5.5 ಪೌಂಡ್, ಅಂದರೆ ಎರಡೂವರೆ ಕಿಲೋ ಬಲ ಬೇಕು. ಬಲಗೈಯವರು ಕೊನೇ ಗಳಿಗೆಯಲ್ಲಿ ಸ್ವಲ್ಪ ಅಮುಕಿದರೂ ಗುಂಡು ಎಡಕ್ಕೆ, ಕೆಳಕ್ಕೆ ಹೋಗಿ ಬೀಳುತ್ತದೆ. ನನ್ನ ಟಾರ್ಗೆಟ್ ಹಾಳೆಗಳೆಲ್ಲ ಹಾಗೇ ಇದ್ದವು. ವಾರಾಂತ್ಯಕ್ಕೆ ಜೊತೆಗೆ ಬರುವ ಹಾಸನದ ಗೆಳೆಯನೊಬ್ಬ ನೋಡಿ, "ಮಾರಾಯ, ಸುಮ್ನೆ ಒಂದು ಕಿಟ್ ಹಾಕ್ಸು. ಬೆಣ್ಣೇಲಿ ಚಾಕು ಹೋದಂಗೆ ಹೋಗುತ್ತೆ" ಅಂದ. ಅವನು ಹಾಕಿಸಿದ್ದು ಬೇರೆ ಕಡೆಯದು, ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವನು) ಹತ್ತಿರ. ನನ್ನ ಕಣ್ಣಿಗೆ ಬಿದ್ದದ್ದು ಇದು.

ಜಾಹೀರಾತಿನ ಮಾತು ನೋಡಿ. "3.5 ಪೌಂಡ್ ಟ್ರಿಗರ್. ಕಾರ್ಖಾನೆಯ ಎಲ್ಲ ಸೇಫ್ಟಿಗಳೂ ಹಾಗೇ ಇರುತ್ತವೆ. ಗನ್‌ಸ್ಮಿತ್ ಬೇಡ. 15 ನಿಮಿಷ ಸಾಕು." ಗನ್‌ಸ್ಮಿತ್ ಬೇಡ ಅನ್ನುವ ಮಾತು ದಪ್ಪ ಅಕ್ಷರದಲ್ಲಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಕೊಳ್ಳುವುದು ಎಷ್ಟು ಸುಲಭ ಅಂದರೆ, ಇಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಪಿಸ್ತೂಲಿನ ಫ್ರೇಮ್ ಮಾತ್ರ ಬಂದೂಕು. ಟ್ರಿಗರ್ ಬರೀ ಬಿಡಿಭಾಗ. ಡೀಲರ್ ಬೇಡ, ಬ್ಯಾಕ್‌ಗ್ರೌಂಡ್ ಚೆಕ್ ಬೇಡ, ಅಂಚೆಯಲ್ಲಿ ಮನೆ ಬಾಗಿಲಿಗೆ ಬಂದು ಬೀಳುತ್ತದೆ. (ಹೊಸದಾಗಿ ಬಂದವರಿಗೆ ಒಂದು ಮಾತು: ಎಚ್‌-1ಬಿಯಂಥ ತಾತ್ಕಾಲಿಕ ವೀಸಾದಲ್ಲಿದ್ದರೆ ಕಿಟ್ ಹಾಗಿರಲಿ, ಪಿಸ್ತೂಲು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಬೇಟೆಯ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಇವೆ. ವಕೀಲರನ್ನು ಕೇಳದೆ ಕೈ ಹಾಕಬೇಡಿ. ನಾನು ಗ್ರೀನ್ ಕಾರ್ಡ್ ಬಂದ ಮೇಲೇ ಕೊಂಡದ್ದು.)

ಹಾಕುವ ಕಥೆ ಬೇಡ, ಅದರಲ್ಲೇನೂ ಇಲ್ಲ. ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಚೇಂಬರ್ (ನಳಿಗೆಯ ಬುಡದಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆಯಾ ಅಂತ ಕಣ್ಣಿಂದಲೂ ನೋಡಿ, ಬೆರಳಿಂದಲೂ ಮುಟ್ಟಿ, ಅವರ ಹಾಳೆ ಹೇಳಿದ ಹಾಗೇ ಮಾಡಿದೆ. ಗ್ಲಾಕ್ ಪುಸ್ತಕದಲ್ಲಿರುವ ಪರೀಕ್ಷೆಗಳನ್ನೂ ಮಾಡಿದೆ. ಎಲ್ಲ ಸರಿ ಇತ್ತು. ಟ್ರಿಗರ್ ಹಗುರವೂ ಆಗಿತ್ತು. ಆ ರಾತ್ರಿ ಖುಷಿಯೋ ಖುಷಿ.

ಶನಿವಾರ ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿಗೆ ಹೋದೆ. ಮೊದಲ ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಚೆನ್ನಾಗಿ ಹೋಯಿತು. ಎರಡನೆಯದರಲ್ಲಿ ಟ್ರಿಗರ್ ಎಳೆದರೆ 'ಟಿಕ್' ಅಂತು, ಅಷ್ಟೇ. ಗುಂಡು ಹಾರಲಿಲ್ಲ. ಹಾಗಾದಾಗ ನಳಿಗೆ ಟಾರ್ಗೆಟ್ ಕಡೆಗೇ ಹಿಡಿದು 30 ಸೆಕೆಂಡ್ ಕಾಯಬೇಕು, ತಡವಾಗಿ ಹಾರಿದರೂ ಹಾರೀತು ಅಂತ. ಕಾದೆ. ತೆಗೆದು ನೋಡಿದರೆ ಗುಂಡಿನ ಹಿಂಬದಿಯಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್ ಮೇಲೆ ಉಗುರಿನಲ್ಲಿ ಗೀರಿದಷ್ಟು ಗುರುತು. ಪ್ರೈಮರ್‌ಗೆ ಹೊಡೆಯುವ ಕಡ್ಡಿಗೆ ಸ್ಟ್ರೈಕರ್ ಅಂತಾರೆ; ಕಿಟ್‌ನ ಸ್ಟ್ರೈಕರ್ ಸ್ಪ್ರಿಂಗ್ ಮೆದು, ಪೆಟ್ಟು ಸಾಲುತ್ತಿರಲಿಲ್ಲ. ಟ್ರಿಗರ್ ಹಗುರ ಮಾಡುವುದಕ್ಕೆ ಅವರು ಹಿಡಿದ ಅಡ್ಡದಾರಿ ಇದು. ಇಂಥ ಪಿಸ್ತೂಲನ್ನು ಆತ್ಮರಕ್ಷಣೆಗೆ ಅಂತ ತಲೆದಿಂಬಿನ ಹತ್ತಿರ ಇಟ್ಟುಕೊಂಡವನ ಗತಿ ಏನು?

ಇದೇ ದೊಡ್ಡದು ಅಂದುಕೊಂಡಿದ್ದೆ. ಮತ್ತೊಂದು ಸಲ 'ಟಿಕ್' ಆದಾಗ ರೇಂಜ್ ಆಫೀಸರ್ ಬಂದರು. ವಯಸ್ಸಾದ ಮನುಷ್ಯ, ಹಳೇ ಸೈನಿಕ ಅಂತ ಕಾಣುತ್ತದೆ. "ಟ್ರಿಗರ್ ಹೊಸದಾ?" ಅಂದರು. ಹೌದು ಅಂದೆ. ಪಿಸ್ತೂಲು ಖಾಲಿ ಮಾಡಿಸಿ, ತಾವೂ ಚೇಂಬರ್ ನೋಡಿ, ಬೆಳಕಿಗೆ ಹಿಡಿದರು. ಗ್ಲಾಕ್ ಟ್ರಿಗರ್ ನಡುವೆ ಒಂದು ತೆಳು ಬ್ಲೇಡ್ ಇರುತ್ತದಲ್ವಾ, ಮುಂದಕ್ಕೆ ಸ್ವಲ್ಪ ಚಾಚಿಕೊಂಡಿರುತ್ತದೆ. ಬೆರಳು ಅದನ್ನು ಒತ್ತಿದರೆ ಮಾತ್ರ ಟ್ರಿಗರ್ ಹಿಂದೆ ಹೋಗಬೇಕು. ಪಿಸ್ತೂಲು ಕೈ ಜಾರಿ ಬಿದ್ದರೆ ಟ್ರಿಗರ್ ತನ್ನ ಭಾರಕ್ಕೆ ತಾನೇ ಹಿಂದೆ ಸರಿಯಬಾರದು, ಅದಕ್ಕೇ ಅದು ಇರುವುದು. ನನ್ನದರಲ್ಲಿ ಬ್ಲೇಡ್ ಹೊರಗೆ ಬಂದೇ ಇರಲಿಲ್ಲ. ಒಳಗೆ ಸಿಕ್ಕಿಕೊಂಡು ಟ್ರಿಗರ್ ಮೈಗೆ ಸಮವಾಗಿ ಕೂತಿತ್ತು.

ಅವರು ಬ್ಲೇಡ್ ಮುಟ್ಟಲೇ ಇಲ್ಲ. ಹೆಬ್ಬೆರಳ ಉಗುರನ್ನು ಟ್ರಿಗರ್‌ನ ಅಂಚಿಗೆ ಇಟ್ಟು ಮೆಲ್ಲಗೆ ಒತ್ತಿದರು.

ಕ್ಲಿಕ್.

ಆ ಶಬ್ದ ಕೇಳಿದ ಕೂಡಲೇ ನನಗೆ ಬೆವರು ಕಿತ್ತುಕೊಂಡಿತು. "ಕಾರ್ಖಾನೆಯ ಎಲ್ಲ ಸೇಫ್ಟಿಗಳೂ ಹಾಗೇ ಇರುತ್ತವೆ" ಅಂದಿದ್ದರಲ್ಲ! ಹಾಗೇ ಇರುತ್ತವಂತೆ, ಹಾಗೇ! ಮುಂದೆ ಹೋಲ್‌ಸ್ಟರ್‌ಗೆ ಹಾಕಿ ಸೊಂಟಕ್ಕೆ ಕಟ್ಟಿಕೊಳ್ಳಬೇಕು ಅಂತಿದ್ದ ಪಿಸ್ತೂಲು ಅದು. ಅಕ್ಕಪಕ್ಕದ ಲೇನ್‌ನವರೆಲ್ಲ ನಿಲ್ಲಿಸಿ ನೋಡುತ್ತಿದ್ದರು. "ಇವತ್ತು ಇದರಲ್ಲಿ ಇನ್ನೊಂದು ಗುಂಡು ಹಾರಿಸುವ ಹಾಗಿಲ್ಲ, ಬ್ಯಾಗಿಗೆ ಹಾಕು" ಅಂದರು ಆಫೀಸರ್. ಬೈದಿದ್ದರೂ ವಾಸಿ ಇತ್ತು. ಅವರು ಬೈಯಲಿಲ್ಲ, ಮಗುವಿಗೆ ಹೇಳುವ ಹಾಗೆ ಹೇಳಿದರು. ಗೆಳೆಯ ನೆಲ ನೋಡುತ್ತಾ ನಿಂತಿದ್ದ.

ನನ್ನದು ಕೊಡಗು. ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದವನು. ಕೋವಿಗೆ ಹೂ ಇಡುವ ಊರಿನವನ ಕಿವಿಗೇ ಹೂ ಇಟ್ಟು ಕಳಿಸಿದರಲ್ಲ ಇವರು!

ಅಂಗಡಿಗೆ ದೂರು ಬರೆದೆ. ಈಗ ಅವರ ಉತ್ತರಗಳನ್ನು ಕೇಳಿ. ಅಸಲಿ ನಾಟಕ ಅಲ್ಲಿದೆ.

ಮೊದಲ ಉತ್ತರ: "ನಿಮಗಾದ ತೊಂದರೆಗೆ ವಿಷಾದ. ಫೋಟೋ ಕಳಿಸಿ." ಕಳಿಸಿದೆ. ಆಮೇಲೆ: "ವಿಡಿಯೋ ಕಳಿಸಿ." ಕಳಿಸಿದೆ. ಬ್ಲೇಡ್ ಮುಟ್ಟದೆ ಟ್ರಿಗರ್ ಹಿಂದೆ ಹೋಗುವುದು ಅದರಲ್ಲಿ ಕುರುಡನಿಗೂ ಕಾಣುತ್ತದೆ. ಆಮೇಲೆ ಬೇರೆ ಯಾರೋ ಬಂದು: "ಫೋಟೋ ಕಳಿಸಿ." ಮತ್ತೆ ಮೊದಲಿಂದ!

ಕೊನೆಗೆ ಬಂದ ಉತ್ತರ ಓದಿ ಮೈಯೆಲ್ಲ ಉರಿಯಿತು. "ಈ ಭಾಗಗಳನ್ನು ತರಬೇತಿ ಪಡೆದ ಗನ್‌ಸ್ಮಿತ್ ಹಾಕಬೇಕು. ನೀವೇ ಹಾಕಿಕೊಂಡಿರುವುದರಿಂದ ವಾರಂಟಿ ಇಲ್ಲ." ಗನ್‌ಸ್ಮಿತ್ ಬೇಡ ಅಂತ ದಪ್ಪ ಅಕ್ಷರದಲ್ಲಿ ಬರೆದವರು ಇವರೇ ತಾನೇ? ಅದನ್ನೇ ಕೇಳಿದೆ. ಅದಕ್ಕೆ ಉತ್ತರ: "ಅದು ಮಾರಾಟ ವಿಭಾಗದ ಬರಹ. ಷರತ್ತುಗಳ ಪುಟ ನೋಡಿ." ಷರತ್ತುಗಳ ಪುಟದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, "ಸ್ಪರ್ಧೆಯ ಬಳಕೆಗೆ ಮಾತ್ರ" ಅಂತಿದೆ. ಹಾಕಿದ ಭಾಗ ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತಲೂ ಇದೆ. ಹಾಕದೆ ಸರಿ ಇದೆಯೋ ಇಲ್ಲವೋ ತಿಳಿಯುವುದು ಹೇಗಪ್ಪಾ? ಮಂತ್ರ ಹಾಕಿಯಾ?

ಇನ್ನೊಂದಿದೆ, ನಂಬುತ್ತೀರೋ ಇಲ್ಲವೋ. ಅವರ 'ಟೆಕ್ನಿಕಲ್' ಮನುಷ್ಯನೊಬ್ಬ ಬರೆದ: "ಬ್ಲೇಡ್ ಬಿಗಿ ಇದ್ದರೆ ಅರ ಹಾಕಿ ಸ್ವಲ್ಪ ಉಜ್ಜಿಕೊಳ್ಳಿ, ಸರಿಹೋಗುತ್ತದೆ." ಅಂದರೆ ಸೇಫ್ಟಿ ಭಾಗವನ್ನೇ ನಾನು ಅಡುಗೆಮನೆ ಟೇಬಲ್ ಮೇಲೆ ಕೂತು ಅರದಲ್ಲಿ ಉಜ್ಜಬೇಕು! ನೀವೇ ಹಾಕಿದ್ದು ತಪ್ಪು ಅಂದವರೂ ಇವರೇ, ನೀವೇ ಉಜ್ಜಿಕೊಳ್ಳಿ ಅನ್ನುವವರೂ ಇವರೇ. ಜೊತೆಗೆ ಮುಂದಿನ ಖರೀದಿಗೆ 15 ಪರ್ಸೆಂಟ್ ಕೂಪನ್ ಬೇರೆ. ಕೂಪನ್ನು!

ನಮ್ಮೂರ ಕಡೆಯವರಂತೆ ನಾನೂ ಪಟ್ಟು ಬಿಡಲಿಲ್ಲ, ಒಬ್ಬ ಗನ್‌ಸ್ಮಿತ್ ಹತ್ತಿರ ಒಯ್ದೆ. ಆತ ಟ್ರಿಗರನ್ನು ಭೂತಗಾಜಿನ ಕೆಳಗೆ ಇಟ್ಟು ತೋರಿಸಿದ. ಬ್ಲೇಡ್ ಕೂರುವ ಸೀಳಿನ ಅಂಚಿನಲ್ಲಿ ಲೋಹದ ಮುಳ್ಳು ಹಾಗೇ ಉಳಿದಿದೆ. ಕತ್ತರಿಸಿದ ಮೇಲೆ ನಯ ಮಾಡಿಲ್ಲ. ತಣ್ಣಗಿದ್ದಾಗ, ಚೊಕ್ಕವಾಗಿದ್ದಾಗ ಬ್ಲೇಡ್ ಹೇಗೋ ಆಡುತ್ತದೆ. ಒಂದಷ್ಟು ಗುಂಡು ಹಾರಿ ಮಸಿ ಹಿಡಿದರೆ ಸಿಕ್ಕಿಕೊಳ್ಳುತ್ತದೆ. ಮನೆಯ ಪರೀಕ್ಷೆಯಲ್ಲಿ ಪಾಸಾಗಿ ರೇಂಜಿನಲ್ಲಿ ಫೇಲಾದದ್ದು ಇದಕ್ಕೇ. "ನೀನು ಹಾಕಿದ್ದರಲ್ಲಿ ತಪ್ಪಿಲ್ಲ, ಮಾಲೇ ಸರಿ ಇಲ್ಲ" ಅಂತ ಬರೆದೂ ಕೊಟ್ಟ. ಅದನ್ನು ಕಳಿಸಿದ ಮೇಲೆ ಅಂಗಡಿಯಿಂದ ಉತ್ತರವೇ ನಿಂತುಹೋಯಿತು. ಆದರೆ ಜಾಹೀರಾತಿನಿಂದ "ಗನ್‌ಸ್ಮಿತ್ ಬೇಡ" ಅನ್ನುವ ಸಾಲು ಮಾಯವಾಗಿದೆ! ಹಳೆಯದರ ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ, ಬ್ಯಾಂಕಿಗೂ ಕೊಟ್ಟಿದ್ದೇನೆ.

ಸರ್ಕಾರಕ್ಕೆ ದೂರು ಕೊಡೋಣ ಅಂತ ಹೊರಟರೆ ಅಲ್ಲೂ ಗೋಡೆ. ಇಲ್ಲಿ ಗ್ರಾಹಕ ವಸ್ತುಗಳ ಸುರಕ್ಷತೆ ನೋಡಿಕೊಳ್ಳುವ ಫೆಡರಲ್ ಆಯೋಗವೊಂದಿದೆ, 1972ರ ಕಾನೂನಿನಿಂದ ಬಂದದ್ದು. ಮಕ್ಕಳ ಆಟಿಕೆ ಪಿಸ್ತೂಲಿನಲ್ಲಿ ದೋಷ ಇದ್ದರೆ ಮಾರುಕಟ್ಟೆಯಿಂದ ವಾಪಸ್ ತೆಗೆಸುವ ಅಧಿಕಾರ ಅವರಿಗಿದೆ. ನಿಜವಾದ ಪಿಸ್ತೂಲು ಮತ್ತು ಅದರ ಬಿಡಿಭಾಗಗಳನ್ನು ಆ ಕಾನೂನೇ ಹೊರಗಿಟ್ಟಿದೆ. ಕೇಳಿದರೆ ನಗು ಬರುತ್ತದೆ, ಆದರೆ ನಿಜ. ದೊಡ್ಡ ಕಂಪನಿಗಳಾದರೆ ಹೆಸರಿಗೆ ಹೆದರಿಯಾದರೂ ಏನಾದರೂ ಮಾಡುತ್ತವೆ. ಸಿಗ್ ಸೌಯರ್‌ನ ಪಿ320 ಪಿಸ್ತೂಲು ಕೆಲವು ಕೋನದಲ್ಲಿ ಕೆಳಗೆ ಬಿದ್ದರೆ ಗುಂಡು ಹಾರುತ್ತದೆ ಅಂತ ಬಯಲಾದಾಗ, 2017ರ ಆಗಸ್ಟ್‌ನಲ್ಲಿ ಕಂಪನಿಯೇ ಪುಕ್ಕಟೆಯಾಗಿ ಬದಲಿಸಿಕೊಡುವ ಯೋಜನೆ ತಂದಿತು, ಅದರಲ್ಲಿ ಹಗುರವಾದ ಹೊಸ ಟ್ರಿಗರ್ ಸಹ ಇತ್ತು. ಗ್ಯಾರೇಜಿನಲ್ಲಿ ಕೂತು ಕಿಟ್ ಮಾರುವವನಿಗೆ ಯಾವ ಹೆಸರು, ಯಾವ ಹೆದರಿಕೆ?

ಹಳೇ ಟ್ರಿಗರ್ ಮತ್ತು ಸ್ಪ್ರಿಂಗನ್ನು ಗನ್‌ಸ್ಮಿತ್ ಕೈಯಲ್ಲೇ ವಾಪಸ್ ಹಾಕಿಸಿದೆ. ಅದಕ್ಕೆ ಬೇರೆ ಕಾಸು. ಈಗ ಅದೇ 5.5 ಪೌಂಡ್, ಅದೇ ಎಡಕ್ಕೆ ಕೆಳಕ್ಕೆ ಬೀಳುವ ಗುಂಡುಗಳು. ಬೀಳಲಿ ಬಿಡಿ.

ಟ್ರಿಗರ್ ಹಗುರ ಬೇಕೇ ಬೇಕು ಅನ್ನುವವರು ಗನ್‌ಸ್ಮಿತ್ ಹತ್ತಿರ ಹೋಗಿ, ಬಿಲ್ ತೆಗೆದುಕೊಳ್ಳಿ. ಕೊಳ್ಳುವ ದಿನವೇ ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸೊಂಟಕ್ಕೆ ಕಟ್ಟುವ, ಮನೆ ಕಾಯುವ ಪಿಸ್ತೂಲಿಗಂತೂ ಕಂಪನಿಯ ಟ್ರಿಗರೇ ಇರಲಿ. ಆ ಕೆಂಪು ಟ್ರಿಗರ್ ಈಗಾಗಲೇ ಹಾಕಿಕೊಂಡವರು ಇದ್ದರೆ, ಪಿಸ್ತೂಲು ಖಾಲಿ ಮಾಡಿ, ಇನ್ನೊಮ್ಮೆ ಖಾಲಿ ಇದೆಯಾ ನೋಡಿ, ಬ್ಲೇಡ್ ಮುಟ್ಟದೆ ಟ್ರಿಗರ್ ಅಂಚನ್ನು ಒತ್ತಿ ನೋಡಿ. ತೊಳೆದು ಒರೆಸಿ ಇಟ್ಟದ್ದರಲ್ಲಿ ನೋಡಿ ಸುಮ್ಮನಾಗಬೇಡಿ, ರೇಂಜಿನಲ್ಲಿ ಒಂದಷ್ಟು ಗುಂಡು ಹಾರಿಸಿದ ಮೇಲೂ ಖಾಲಿ ಮಾಡಿ ಅಲ್ಲೇ ನೋಡಿ. ಹಿಂದೆ ಸರಿದರೆ ಅವತ್ತೇ ಕಿತ್ತುಹಾಕಿಸಿ. ನನಗೆ ಒಂದು ಮೆಸೇಜ್ ಕೂಡ ಹಾಕಿ, ಬ್ಯಾಂಕಿಗೆ ತೋರಿಸಲು ಇನ್ನೊಂದು ಸಾಕ್ಷಿ ಸಿಕ್ಕಂತಾಗುತ್ತದೆ.