ಸಂತೆಯ ಬಕೆಟ್ ಜೇನನ್ನು ನಂಬಿ ಬಿಯರ್‌ಗೆ ಹಾಕಬೇಡಿ

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವ ಕನ್ನಡಿಗರು ದಯವಿಟ್ಟು ಇದನ್ನು ಓದಿ. ಓಹಾಯೊದ ನಮ್ಮ ಊರಿನ ವಾರದ ಸಂತೆಯಲ್ಲಿ ‘ನಮ್ಮದೇ ಪೆಟ್ಟಿಗೆಯ ಜೇನು, ಕಾಯಿಸಿಲ್ಲ, ಸೋಸಿಲ್ಲ’ ಎಂದು ಹೇಳಿ ನನಗೆ ಸಿರಪ್ ಮಾರಿದ್ದಾರೆ. ಹೌದು, ಸಿರಪ್!

ಬೇಸಿಗೆಗೆಂದು ಹಗುರವಾದ ಬಿಯರ್ ಮಾಡಲು ಹೊರಟಿದ್ದೆ. 19 ಲೀಟರಿಗೆ ಎರಡೂವರೆ ಕಿಲೋ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), 900 ಗ್ರಾಂ ಜೇನು. ಕುದಿಸಿದರೆ ಪರಿಮಳ ಹಾರಿಹೋಗುತ್ತದೆಂದು ಒಲೆ ಆರಿಸಿದ ಮೇಲೆಯೇ ಜೇನು ಸುರಿದೆ. ಜೇನಿನ ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಡಿಮೆ ಪೂರ್ತಿ ತಿಂದು ಮುಗಿಸುತ್ತದೆ, ಬಿಯರ್ ತೆಳ್ಳಗಾಗುವುದು ಅದರಿಂದಲೇ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನ ಅಂಕಿ ಸಕ್ಕರೆ ಮುಗಿದಷ್ಟೂ ಇಳಿಯುತ್ತದೆ; ಅದು 1.044ರಿಂದ 1.005ರ ಆಸುಪಾಸಿಗೆ ಇಳಿಯಬೇಕಿತ್ತು. 1.012ಕ್ಕೆ ನಿಂತಿತು, ಮತ್ತೆ ಕದಲಲಿಲ್ಲ. ಬಾಯಿಗೆ ಹಾಕಿದರೆ ಸಪ್ಪೆ ಸಿಹಿ. ಜೇನಿನ ಘಮ ಎಳ್ಳಷ್ಟೂ ಇಲ್ಲ.

ಬಕೆಟ್‌ನಲ್ಲಿ ಉಳಿದ ಜೇನನ್ನು ಸೀಸೆಗೆ ಬಗ್ಗಿಸಿ ಬಕೆಟ್ ತೊಳೆಯುತ್ತಿದ್ದೆ. ಕೈಬರಹದ ಕಂದು ಚೀಟಿ ಬಿಸಿನೀರಿಗೆ ನೆನೆದು ಜಾರಿತು. ಅದರಡಿಯಲ್ಲಿ ಇನ್ನೊಂದು ಚೀಟಿ, ಅಚ್ಚು ಹಾಕಿದ್ದು: ‘ಜೇನು ಮಿಶ್ರಣ. ಮೆಕ್ಕೆಜೋಳದ ಸಿರಪ್, ಜೇನು.’ ಸಿರಪ್ಪೇ ಮೊದಲು, ಜೇನು ಆಮೇಲೆ! ಶಿರಸಿಯ ತುಡುವೆ ಜೇನು ತಿಂದು ಬೆಳೆದ ನನಗೇ ಹೀಗೆ ಮಾಡಿದರಲ್ಲ ಎಂದು ಮೈಯೆಲ್ಲ ಉರಿಯಿತು. ಇದೇ ಜೇನನ್ನು ಗೆಳೆಯರ ಮುಂದೆ ಹೊಗಳಿದ್ದೆ, ಅವರೂ ಕೊಂಡಿದ್ದರು. ಅವರಿಗೆ ಯಾವ ಮುಖ ತೋರಿಸಲಿ?

ಮಾರಿದವರಿಗೆ ಚೀಟಿಯ ಫೋಟೊ ಕಳಿಸಿದೆ. ಬಂದ ಉತ್ತರ: ‘ಹಳೆಯ ಬಕೆಟ್‌ಗಳನ್ನು ತೊಳೆದು ಮತ್ತೆ ಬಳಸುತ್ತೇವೆ, ಒಳಗಿರುವುದು ನಮ್ಮದೇ ಜೇನು.’ ಬಿಯರಿನ ವಿಷಯ ಹೇಳಿದರೆ, ‘ನಿಮ್ಮ ಯೀಸ್ಟ್ ಸತ್ತಿರಬೇಕು.’ ಯೀಸ್ಟ್ ಸತ್ತಿದ್ದರೆ 1.012ರವರೆಗಾದರೂ ಹೇಗೆ ಇಳಿಯುತ್ತಿತ್ತು? ಸರಿ, ಅದನ್ನೂ ನೋಡಿಯೇ ಬಿಡೋಣ ಎಂದು ಎರಡು ಸೀಸೆ ಇಟ್ಟೆ. ಒಂದರಲ್ಲಿ ಇವರ ‘ಜೇನು’, ಇನ್ನೊಂದರಲ್ಲಿ ಪಕ್ಕದ ಮನೆಯವರ ಪೆಟ್ಟಿಗೆಯಿಂದ ನನ್ನ ಕಣ್ಣೆದುರೇ ತೆಗೆದ ಜೇನು. ಎರಡನ್ನೂ ನೀರು ಬೆರೆಸಿ 1.040ಕ್ಕೆ ತಂದು, ಒಂದೇ ಪೊಟ್ಟಣದ ಯೀಸ್ಟನ್ನು ಪೋಷಕಾಂಶದೊಂದಿಗೆ ಹಾಕಿದೆ. ಪಕ್ಕದ ಮನೆಯದು 0.998ಕ್ಕೆ ಇಳಿಯಿತು. ಇವರದು 1.014ರಲ್ಲೇ ಕೂತಿತು. ಆ ಫೋಟೊಗಳನ್ನೂ ಕಳಿಸಿದೆ. ‘ಬಕೆಟ್ ತೆರೆದ ಮೇಲೆ ಹಣ ವಾಪಸ್ ಇಲ್ಲ. ಇಷ್ಟು ವರ್ಷದಲ್ಲಿ ದೂರು ಹೇಳಿದವರು ನೀವೊಬ್ಬರೇ’ ಎಂದರು. ನಾನೊಬ್ಬನೇ ಅಂತೆ! ಚಹಾಕ್ಕೆ ಒಂದು ಚಮಚ ಹಾಕಿಕೊಳ್ಳುವವರಿಗೆ ಇದು ಹೇಗೆ ಗೊತ್ತಾಗಬೇಕು?

ಸಿರಪ್ ಬೆರೆಸಿದ್ದನ್ನು ಬರೀ ‘ಜೇನು’ ಎಂದು ಮಾರುವಂತಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ 2018ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ನೀವು ಮೊದಲು ಸಣ್ಣ ಸೀಸೆ ಕೊಂಡು ಹೀಗೆ ಹುಳಿಯಿಸಿ ನೋಡಿ, ಆಮೇಲೆ ಬಕೆಟ್ ಮುಟ್ಟಿ. ಚೀಟಿಯ ಮೇಲೆ ಚೀಟಿ ಅಂಟಿಸಿದ್ದರೆ ಅಲ್ಲೇ ನಿಂತು ಕಿತ್ತು ನೋಡಿ, ಅವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ನನ್ನ 19 ಲೀಟರ್ ಬಿಯರ್ ಮೋರಿಗೆ ಹೋಯಿತು. ಎರಡೂ ಚೀಟಿಗಳನ್ನು ಜೋಡಿಸಿ ರಾಜ್ಯದ ಕೃಷಿ ಇಲಾಖೆಗೆ ದೂರು ಕೊಟ್ಟಿದ್ದೇನೆ.