ಮೂರು ಮಳೆಗಾಲ ಕಂಡ ನಾಯಿ ಶಾಂಪೂ

ಮಡಿಕೇರಿ ಹತ್ತಿರದ ಗಾಳಿಬೀಡಿನ ಕಡೆ ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಹಗ್ಗದ ಮೇಲಿನ ಬಟ್ಟೆಯೇ ವಾರವಾದರೂ ಒಣಗೋದಿಲ್ಲ. ಇನ್ನು ದಿನವಿಡೀ ಕಾಫಿ ತೋಟ ಸುತ್ತುವ ನಾಯಿ ಒಣಗುತ್ತಾ? ನಮ್ಮ ಕರಿಯನಿಗೆ ತೊಂದರೆ ಶುರುವಾದದ್ದೇ ಹಾಗೆ. ಮೊದಲು ಕಮಟು ವಾಸನೆ. ಆಮೇಲೆ ಬೆರಳ ಸಂದಿಯನ್ನು ನೆಕ್ಕಿ ನೆಕ್ಕಿ ಕೆಂಪು ಮಾಡಿಕೊಂಡ. ಹೊಟ್ಟೆ ಮೇಲೆ ಸಣ್ಣ ಗುಳ್ಳೆ, ಅದು ಒಡೆದಲ್ಲಿ ದುಂಡಗೆ ಹೊಟ್ಟು.

ಪಕ್ಕದ ತೋಟದ ಲೆಕ್ಕ ಬರೆಯುವ ರೈಟರ್ "ಗಾಡಿಯ ಸುಟ್ಟ ಆಯಿಲ್ ಹಚ್ಚಿ, ಮೂರೇ ದಿನ" ಅಂದರು. ದಯವಿಟ್ಟು ಹಚ್ಚಬೇಡಿ. ನಾಯಿ ಅದನ್ನು ನೆಕ್ಕುತ್ತದೆ, ಅದು ವಿಷ. ನನ್ನ ತಪ್ಪು ಬೇರೆ. ನಾವು ಹಾಕಿಕೊಳ್ಳುವ ಸೋಪಲ್ಲೇ ದಿನಾ ತಿಕ್ಕಿದೆ. ಚರ್ಮ ಒಣಗಿ ಕೆರೆತ ಜಾಸ್ತಿಯಾಯಿತು.

ಕೊನೆಗೆ ಮಡಿಕೇರಿಗೆ ಕರೆದುಕೊಂಡು ಹೋದೆ. ಡಾಕ್ಟರು ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಕಜ್ಜಿ ಹುಳ ಇರಲಿಲ್ಲ, ಬ್ಯಾಕ್ಟೀರಿಯಾ ಮತ್ತು ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ಇದ್ದವು. ಬ್ಯಾಕ್ಟೀರಿಯಾಕ್ಕೆ 2% ಕ್ಲೋರ್‌ಹೆಕ್ಸಿಡಿನ್, ಯೀಸ್ಟಿಗೆ 2% ಮೈಕೊನಜೋಲ್ ಇರುವ ಶಾಂಪೂ ಬರೆದುಕೊಟ್ಟರು, ವಾರಕ್ಕೆ 2 ಸಲ.

ಮೊದಲ ಎರಡು ವಾರ ಏನೂ ಆಗಲಿಲ್ಲ. ದುಡ್ಡು ದಂಡ ಅಂತ ಬೈದುಕೊಂಡೆ. ಆಮೇಲೆ ಚೀಟಿ ಓದಿದರೆ, ನೊರೆ ಮೈಮೇಲೆ 10 ನಿಮಿಷ ಇರಬೇಕಂತೆ! ನಾನು ಎರಡೇ ನಿಮಿಷಕ್ಕೆ ನೀರು ಹೊಯ್ಯುತ್ತಿದ್ದೆ. ಹತ್ತು ನಿಮಿಷ ಅಂದರೆ ಸುಮ್ನೆ ಅಲ್ಲ. ಬಚ್ಚಲಲ್ಲಿ ಕರಿಯ ಮೈ ಕೊಡವಿದರೆ ಗೋಡೆಗೆಲ್ಲ ನೊರೆ. ಅಕ್ಕಿ ರೊಟ್ಟಿ ಚೂರು ಚೂರಾಗಿ ಹರಿದು ಒಂದೊಂದೇ ಕೊಡುತ್ತಾ ನಿಲ್ಲಿಸಿಕೊಳ್ಳುತ್ತೇನೆ, ನೊರೆ ನೆಕ್ಕದ ಹಾಗೂ ಆಯಿತು. ಕಣ್ಣಿಗೆ ಬೀಳಬಾರದು, ಕಿವಿಯೊಳಗೂ ಹೋಗಬಾರದು. ಮುಖಕ್ಕೆ ಒದ್ದೆ ಬಟ್ಟೆ ಸಾಕು. ಕೊನೆಗೆ ಜಾರು ಹೋಗುವ ತನಕ ತೊಳೆಯಬೇಕು.

ಹೀಗೆ ಮಾಡಿದ ಮೂರನೇ ವಾರಕ್ಕೆ ವಾಸನೆ ಹೋಯಿತು, ನೆಕ್ಕುವುದು ನಿಂತಿತು. ಹೊಟ್ಟೆ ಮೇಲೆ ಮತ್ತೆ ಕೂದಲು ಬರಲು ಮಾತ್ರ ಎರಡು ತಿಂಗಳು ಹಿಡಿಯಿತು.

ಒರೆಸುವುದಕ್ಕೂ ಅಷ್ಟೇ ಸಮಯ ಕೊಡಿ. ಹಳೆ ಪಂಚೆಯಲ್ಲಿ ಬೆರಳ ಸಂದಿ ಒಂದೊಂದೂ ಒರೆಸಿ, ಬಚ್ಚಲೊಲೆಯಿಂದ ಸ್ವಲ್ಪ ದೂರ ಮಲಗಿಸುತ್ತೇನೆ. ಒದ್ದೆ ಗೋಣಿಚೀಲದ ಹಾಸಿಗೆಯನ್ನು ಎಸೆದೇಬಿಟ್ಟೆ.

ಈ ಶಾಂಪೂವಿನಿಂದ ಉಣ್ಣಿ ಸಾಯುವುದಿಲ್ಲ. ಅದಕ್ಕೆ ಡಾಕ್ಟರು ತಿಂಗಳಿಗೊಂದು ಮಾತ್ರೆ ಬೇರೆ ಕೊಟ್ಟಿದ್ದಾರೆ. ಹೋದ ವರ್ಷ ಜಿಗಣೆ ಕಚ್ಚಿದ ಜಾಗ ಕೀವು ಕಟ್ಟಿದಾಗಲೂ ಶಾಂಪೂ ನಂಬಿ ಕೂರಲಿಲ್ಲ, ಮರುದಿನವೇ ತೋರಿಸಿದೆ.

ಈಗ ಬೇಸಿಗೆಯಲ್ಲಿ ಶಾಂಪೂ ಮುಟ್ಟುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ, ಡಾಕ್ಟರು ಹೇಳಿದಂತೆ, ವಾರಕ್ಕೊಂದು ಸಲ. ಬಾಟಲಿ ಸಣ್ಣದು, ಬೆಲೆ ದೊಡ್ಡದು, ಕರಿಯನೂ ದೊಡ್ಡವನು. ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಮುಚ್ಚಳಕ್ಕೆ: ಒದ್ದೆ ಕೈಯಲ್ಲಿ ತೆಗೆಯಲಿಕ್ಕೇ ಬರುವುದಿಲ್ಲ, ಅಷ್ಟರಲ್ಲಿ ನಾಯಿ ಅಂಗಳ ದಾಟಿರುತ್ತದೆ.